ಫಿಲ್ಟರ್ ಇರಬೇಕಾದ ಜಾಗ

ಮಂಡ್ಯದ ನಮ್ಮ ಹಿತ್ತಲಿನ ಸೂರ್ಯಕಾಂತಿಯನ್ನು ನೇರಳಾತೀತ ಬೆಳಕಿನಲ್ಲಿ ಸೆರೆಹಿಡಿಯಲು ಹದಿನೈದು ದಿನ ಒದ್ದಾಡಿದೆ. ಸೆನ್ಸರ್ ಮೇಲೆ ನೇರಳಾತೀತವನ್ನು ತಡೆಯುವ ಗಾಜನ್ನು ತೆಗೆಸಿದ ಕ್ಯಾಮೆರಾ ಇತ್ತು. ನೇರಳಾತೀತವನ್ನು ಮಾತ್ರ ಬಿಡುವ ಫಿಲ್ಟರನ್ನು ಫ್ಲ್ಯಾಶಿಗೆ ಕಟ್ಟಿದ್ದೆ. ಬಂದದ್ದು ಕೆಂಪಡರಿದ ಮಾಮೂಲಿ ಹೂವು. ಸಂಜೆಯ ಬೆಳಕೆಲ್ಲ ಲೆನ್ಸಿನೊಳಗೆ ನುಗ್ಗುತ್ತಿತ್ತು! ಕತ್ತಲೆಯಲ್ಲಿ ಹೂವೇ ಹೊಳೆಯುವ ಪ್ರತಿದೀಪ್ತಿ ಚಿತ್ರಕ್ಕಾದರೆ ಫ್ಲ್ಯಾಶಿಗೆ ಫಿಲ್ಟರ್ ಬೇಕು. ಪ್ರತಿಫಲಿತ ನೇರಳಾತೀತಕ್ಕೆ ಅದು ಲೆನ್ಸಿನ ಮುಂದಿರಬೇಕು, ಫ್ಲ್ಯಾಶ್ ಬರಿಮೈಯಲ್ಲಿದ್ದರೆ ಸಾಕು.

ಬದಲಿಸಿದೆ. ಈಗ ಚಿತ್ರವೇ ಕಪ್ಪು. ಫ್ಲ್ಯಾಶನ್ನು ತಿರುಗಿಸಿ ನೋಡಿದರೆ ಬೆಳಕು ಚೆಲ್ಲುವ ಗಾಜಿನ ಕೊಳವೆಗೆ ತೆಳು ಹಳದಿ ಲೇಪ. ನೇರಳಾತೀತವನ್ನು ನುಂಗುತ್ತಿದ್ದುದು ಅದೇ. ಬಿಚ್ಚುವ ಧೈರ್ಯ ಮಾಡಲಿಲ್ಲ, ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಕುಳಿತಿರುತ್ತದೆ. ಮೈಸೂರಿನಲ್ಲಿ ಲೇಪವಿಲ್ಲದ ಕೊಳವೆಯ ಹಳೆಯ ಫ್ಲ್ಯಾಶ್ ಸಿಕ್ಕಿತು. ಮೊದಲ ಚಿತ್ರದಲ್ಲೇ ದಳಗಳ ತುದಿ ಬೆಳ್ಳಗೆ, ಬುಡ ಮಸಿಗಪ್ಪು: ನಮ್ಮ ಕಣ್ಣಿಗೆ ಕಾಣದ, ಜೇನುನೊಣಕ್ಕೆ ಕಾಣುವ ಗುರಿವೃತ್ತ.