ಹಳೆಯ ಪಿಕಪ್‌ಗೆ ಬದಲಿ ಎಂಜಿನ್, ಗೇರ್‌ಬಾಕ್ಸ್: ಅಳತೆ ಮೊದಲು, ಚೈನ್ ಬ್ಲಾಕ್ ಆಮೇಲೆ

ಆಲೆಮನೆಯಿಂದ ಮಂಡ್ಯದ ಮಾರುಕಟ್ಟೆಗೆ ಬೆಲ್ಲ ಸಾಗಿಸುತ್ತಿದ್ದ ಹಳೆಯ ಮಹೀಂದ್ರ ಪಿಕಪ್‌ಗಳಲ್ಲಿ ಚಾಸಿ ಗಟ್ಟಿಯಾಗಿದ್ದೂ ಎಂಜಿನ್ ಸೋತಿರುವುದು ಸಾಮಾನ್ಯ. ಬ್ಲಾಕ್ ಬಿರುಕು ಬಿಟ್ಟಿದ್ದರೆ ಅಥವಾ ಇನ್ನೊಮ್ಮೆ ಬೋರ್ (ಸಿಲಿಂಡರಿನ ಒಳಗೋಡೆ ಕೊರೆದು ಸರಿಪಡಿಸುವುದು) ಮಾಡಿಸಲಾಗದಷ್ಟು ಸವೆದಿದ್ದರೆ ಬದಲಿ ಎಂಜಿನ್ ಕೂರಿಸುವುದು ಗುಜರಿಗೆ ಹಾಕುವುದಕ್ಕಿಂತ ಎಷ್ಟೋ ಮೇಲು. ಆದರೆ ಈ ಕೆಲಸ ಕೆಡುವುದು ಎಂಜಿನ್ ಎತ್ತುವಾಗಲ್ಲ, ಅಳತೆ ತೆಗೆಯದೆ ಎತ್ತಿದಾಗ.

ಹಣ ಕೊಡುವ ಮುನ್ನ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. ಕೆಎ 11 ಗಾಡಿಯಾದರೆ ಮಂಡ್ಯ, ಕೆಎ 09 ಅಥವಾ 55 ಆದರೆ ಮೈಸೂರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕರು ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಾದರೆ 14 ದಿನಗಳೊಳಗೆ ವರದಿ ಮಾಡಿ ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಆದ್ದರಿಂದ ಅದೇ ಕಂಪನಿಯ, ಅದೇ ಇಂಧನದ ಎಂಜಿನ್ನನ್ನೇ ಹುಡುಕುವುದು ಜಾಣತನ. ಎಂಜಿನ್ ಸಂಖ್ಯೆ ಸ್ಪಷ್ಟವಾಗಿ ಬರೆದ ರಸೀದಿಯಿಲ್ಲದೆ ಯಾವ ಎಂಜಿನ್ನನ್ನೂ ಕೊಳ್ಳಬೇಡಿ.

ಫ್ರಾನ್ಸಿನ ಪೂಜೋ ಕಂಪನಿಯ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್ ಇದ್ದ ಗಾಡಿಗೆ ಮಹೀಂದ್ರದ್ದೇ 2523 ಸಿಸಿ ಡಿಐ (ಡೀಸೆಲ್ಲನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ) ಎಂಜಿನ್ ಹಾಕಲು ಹಲವರು ಯೋಚಿಸುತ್ತಾರೆ. ಹಾಗೆ ಮಾಡುವುದಾದರೆ ಎಂಜಿನ್, ಫ್ಲೈವೀಲ್, ಕ್ಲಚ್, ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಕವಚ), ಗೇರ್‌ಬಾಕ್ಸ್, ಸ್ಟಾರ್ಟರ್ ಎಲ್ಲವೂ ಒಂದೇ ಗಾಡಿಯಿಂದ ಬಿಚ್ಚಿದ ಸೆಟ್ ಆಗಿರಲಿ. ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ ಕೊಂಡರೆ ಇನ್‌ಪುಟ್ ಶಾಫ್ಟಿನ (ಕ್ಲಚ್ಚಿನಿಂದ ಗೇರ್‌ಬಾಕ್ಸಿಗೆ ಶಕ್ತಿ ತರುವ ಶಾಫ್ಟ್) ಉದ್ದ, ಅದರ ಮೇಲಿನ ಸ್ಪ್ಲೈನ್ ಹಲ್ಲುಗಳ ಲೆಕ್ಕ, ಅದರ ತುದಿಯನ್ನು ಹಿಡಿಯುವ ಪೈಲಟ್ ಬೇರಿಂಗ್‌ನ ಗಾತ್ರ ಇವುಗಳಲ್ಲಿ ಒಂದಾದರೂ ಹೊಂದದೆ, ಉಳಿಸಿದ ಹಣವೆಲ್ಲ ಲೇತ್ ಅಂಗಡಿಗೆ ಹೋಗುತ್ತದೆ.

ಹಿಂಬದಿ ಆಕ್ಸಲ್‌ನ ಅನುಪಾತವನ್ನೂ ಈಗಲೇ ತಿಳಿದುಕೊಳ್ಳಬೇಕು. ಎರಡೂ ಹಿಂಚಕ್ರಗಳನ್ನು ಜಾಕಿನ ಮೇಲೆತ್ತಿ ಸ್ಟ್ಯಾಂಡ್ ಕೊಟ್ಟು, ಎರಡನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂಬದಿ ಆಕ್ಸಲ್‌ಗೆ ಹೋಗುವ ಶಾಫ್ಟ್) ಎಷ್ಟು ಸುತ್ತು ತಿರುಗಿತೆಂದು ಎಣಿಸಿ; ಆ ಸಂಖ್ಯೆಯೇ ಅನುಪಾತ. ಮಹೀಂದ್ರದ ಹಳೆಯ ಸಿಜೆ 3ಬಿ ಜೀಪಿನ ಕಾಲದ ಆಕ್ಸಲ್‌ಗಳಲ್ಲಿ ಇದು 5.38. ಚಕ್ರದ ಸುತ್ತಳತೆ 2.27 ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ನೇರ ಟಾಪ್ ಗೇರಿನಲ್ಲಿ (ಎಂಜಿನ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಒಂದೇ ವೇಗದಲ್ಲಿ ತಿರುಗುವ ಗೇರ್) ಎಂಜಿನ್ ನಿಮಿಷಕ್ಕೆ ಸುಮಾರು 2370 ಸುತ್ತು ತಿರುಗುತ್ತದೆ. ಐದನೇ ಗೇರ್ 0.8 ಇದ್ದರೆ ಅದು 1900ರ ಆಸುಪಾಸಿಗೆ ಇಳಿಯುತ್ತದೆ. ಮೈಸೂರು–ಬೆಂಗಳೂರು ರಸ್ತೆಯಲ್ಲಿ ಓಡಿಸುವವರಿಗೆ ಈ ವ್ಯತ್ಯಾಸ ಕಿವಿಗೂ ಗೊತ್ತಾಗುತ್ತದೆ, ಡೀಸೆಲ್ ಖರ್ಚಿನಲ್ಲೂ ಕಾಣುತ್ತದೆ.

ಹಳೆಯದನ್ನು ಬಿಚ್ಚುವ ಮೊದಲು ಮೂರು ಅಳತೆಗಳನ್ನು ಬರೆದಿಡಿ: ರೇಡಿಯೇಟರ್‌ನಿಂದ ಫ್ಯಾನಿಗಿರುವ ಅಂತರ, ಸಂಪ್‌ನಿಂದ (ಎಂಜಿನ್ ತಳದ ಆಯಿಲ್ ತೊಟ್ಟಿ) ಮುಂದಿನ ಆಕ್ಸಲ್‌ಗಿರುವ ಅಂತರ, ಗೇರ್‌ಬಾಕ್ಸಿನ ಹಿಂಬದಿ ಫ್ಲ್ಯಾಂಜ್ (ಪ್ರೊಪೆಲ್ಲರ್ ಶಾಫ್ಟನ್ನು ಬೋಲ್ಟು ಹಾಕಿ ಸೇರಿಸುವ ತಟ್ಟೆ) ಚಾಸಿಯ ಯಾವ ಜಾಗಕ್ಕೆ ಬರುತ್ತದೆ ಎಂಬುದು. ನಂತರ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ನೀರು ಮತ್ತು ಆಯಿಲ್ ಇಳಿಸಿ, ವೈರುಗಳಿಗೆ ಗುರುತು ಕಟ್ಟಿ, ಚೈನ್ ಬ್ಲಾಕಿನಲ್ಲಿ (ಭಾರ ಎತ್ತುವ ಸರಪಳಿ ರಾಟೆ) ಎತ್ತಿದರಾಯಿತು. ತೂಗುತ್ತಿರುವ ಎಂಜಿನ್ನಿನ ಕೆಳಗೆ ಯಾರೂ ಕೈಯನ್ನೂ ಹಾಕಬಾರದು.

ಹೊರಗಿರುವಾಗಲೇ ಎಂಜಿನ್ ಮತ್ತು ಗೇರ್‌ಬಾಕ್ಸ್ ಜೋಡಿಸಿ. ಕ್ಲಚ್ ಪ್ಲೇಟನ್ನು ಹಳೆಯ ಇನ್‌ಪುಟ್ ಶಾಫ್ಟ್ ಒಂದರಿಂದ ನಡುವಿಗೆ ತಂದು, ಆಮೇಲೆ ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಬೆಲ್ ಹೌಸಿಂಗ್ ಎಂಜಿನ್ನಿಗೆ ತಾನಾಗಿ ಕೂತುಕೊಳ್ಳಬೇಕು. ಬೆರಳಗಲ ಉಳಿದಾಗ ಬೋಲ್ಟು ಬಿಗಿದು ಎಳೆದರೆ ಕ್ಲಚ್ ಪ್ಲೇಟಿನ ಹಬ್ ಬಾಗುತ್ತದೆ ಅಥವಾ ಹೌಸಿಂಗಿನ ಕಿವಿ ಮುರಿಯುತ್ತದೆ. ಕೂರದಿದ್ದರೆ ಹೊರತೆಗೆದು ಪ್ಲೇಟನ್ನು ಮತ್ತೆ ನಡುವಿಗೆ ತನ್ನಿ.

ಇನ್ನು ಮೌಂಟಿಂಗ್. ಜೋಡಿಯನ್ನು ಚಾಸಿಯೊಳಗೆ ಇಳಿಸಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಬ್ರಾಕೆಟ್‌ಗಳನ್ನು ಮೊದಲು ಟ್ಯಾಕ್ ವೆಲ್ಡ್ (ಅಲ್ಲಲ್ಲಿ ಚುಕ್ಕೆಯಷ್ಟೇ ಬೆಸುಗೆ) ಮಾತ್ರ ಮಾಡಿಸಿ. ಈಗ ಕೋನಮಾಪಕ ಹಿಡಿದು ಗೇರ್‌ಬಾಕ್ಸಿನ ಫ್ಲ್ಯಾಂಜ್ ಮತ್ತು ಆಕ್ಸಲ್‌ನ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ತಿರುಗಿಸುವ ಚಿಕ್ಕ ಗೇರ್) ಫ್ಲ್ಯಾಂಜ್ ಪರಸ್ಪರ ಸಮಾನಾಂತರವಾಗಿವೆಯೇ ನೋಡಬೇಕು. ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿರುವ ಯುಜೆ ಕ್ರಾಸ್ (ಯೂನಿವರ್ಸಲ್ ಜಾಯಿಂಟ್, ಬಾಗಿಯೂ ತಿರುಗಬಲ್ಲ ಕೀಲು) ಬಾಗಿ ತಿರುಗುವಾಗ ಪ್ರತಿ ಸುತ್ತಿನಲ್ಲೂ ಶಾಫ್ಟಿನ ವೇಗ ಎರಡು ಸಲ ಏರಿ ಇಳಿಯುತ್ತದೆ. ಒಂದು ತುದಿಯ ಏರಿಳಿತವನ್ನು ಇನ್ನೊಂದು ತುದಿ ಸರಿದೂಗಿಸಬೇಕಾದರೆ ಎರಡು ತುದಿಗಳ ಬಾಗಿನ ಕೋನಗಳೂ ಸಮವಾಗಿರಬೇಕು, ಶಾಫ್ಟಿನ ಎರಡು ಯೋಕ್‌ಗಳೂ (ಕ್ರಾಸನ್ನು ಹಿಡಿಯುವ ಕವೆಗಳು) ಒಂದೇ ಸಾಲಿನಲ್ಲಿರಬೇಕು. ಕೋನ 3 ಡಿಗ್ರಿ ದಾಟದಿರುವುದು ಒಳ್ಳೆಯದು. ಪೂರ್ತಿ ಸೊನ್ನೆಯೂ ಬೇಡ, ಏಕೆಂದರೆ ಸೂಜಿ ಬೇರಿಂಗ್‌ಗಳು ಕದಲದೆ ಒಂದೇ ಜಾಗದಲ್ಲಿ ಸವೆಯುತ್ತವೆ. ಗಾಡಿ ತನ್ನ ಚಕ್ರಗಳ ಮೇಲೆಯೇ ನಿಂತಿರುವಾಗ ಒಮ್ಮೆ, ಹೊರೆ ತುಂಬಿ ಕಮಾನುಪಟ್ಟಿ ಕುಸಿದಾಗ ಇನ್ನೊಮ್ಮೆ ಅಳೆಯಿರಿ. ಇಷ್ಟಾದ ಮೇಲೆಯೇ ಪೂರ್ಣ ವೆಲ್ಡಿಂಗ್ ಮತ್ತು ಶಾಫ್ಟಿನ ಉದ್ದ ಬದಲಿಸಿ ಬ್ಯಾಲೆನ್ಸ್ ಮಾಡಿಸುವುದು. ಚಾಸಿಯ ಅಡ್ಡಪಟ್ಟಿಯನ್ನು ಕತ್ತರಿಸಲು ಮೆಕ್ಯಾನಿಕ್ ಅವಸರ ಮಾಡಿದರೆ ತಡೆಯಿರಿ. ಬ್ರಾಕೆಟ್ ಬದಲಿಸಬಹುದು, ಹೊರೆ ಹೊರುವ ಚಾಸಿಯ ಬಲವನ್ನು ಮರಳಿ ತರುವುದು ಕಷ್ಟ.

ಎಂಜಿನ್ನಿನಿಂದ ಚಾಸಿಗೆ ದಪ್ಪನೆಯ ಅರ್ತ್ ಪಟ್ಟಿ ಮರೆಯಬೇಡಿ. ಅದಿಲ್ಲದಿದ್ದರೆ ಸ್ಟಾರ್ಟರ್‌ನ ಕರೆಂಟು ಆಕ್ಸಿಲರೇಟರ್ ಕೇಬಲ್ ಮೂಲಕ ಹರಿದು ಅದನ್ನೇ ಸುಡುತ್ತದೆ. ಬ್ರೇಕಿಗೆ ಬೂಸ್ಟರ್ (ನಿರ್ವಾತದ ನೆರವಿನಿಂದ ಪೆಡಲನ್ನು ಹಗುರ ಮಾಡುವ ಸಾಧನ) ಇದ್ದರೆ ಡೀಸೆಲ್ ಎಂಜಿನ್ನಿಗೆ ವ್ಯಾಕ್ಯೂಮ್ ಪಂಪ್ ಬೇಕೇ ಬೇಕು. ಗೇರ್‌ಬಾಕ್ಸಿಗೆ ತಯಾರಕರು ಹೇಳಿದ ದರ್ಜೆಯ ಆಯಿಲ್ಲನ್ನೇ ಹಾಕಿ. ಗೇರ್ ಸರಾಗವಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಎಲ್ಲ ಗೇರ್ ಆಯಿಲ್‌ಗಳೂ ಒಗ್ಗುವುದಿಲ್ಲ.

ಮೊದಲ ಸಲ ಡೀಸೆಲ್ ನಿಲ್ಲಿಸಿ ಆಯಿಲ್ ಪ್ರೆಷರ್ ಬರುವವರೆಗೆ ಬಿಟ್ಟು ಬಿಟ್ಟು ಸ್ಟಾರ್ಟರ್ ತಿರುಗಿಸಿ, ಬಳಿಕ ಇಂಧನ ನಳಿಕೆಯ ಗಾಳಿ ತೆಗೆದು ಸ್ಟಾರ್ಟ್ ಮಾಡಿ. ನಿಂತಲ್ಲಿ ಸರಿಯಿದ್ದರೆ ಖಾಲಿ ಗಾಡಿಯನ್ನು ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ನಡುಕವಿದೆಯೇ ಗಮನಿಸಿ, ಅನಂತರ ಚಾಮುಂಡಿ ಬೆಟ್ಟದ ಏರು ಹತ್ತಿಸಿ ರೇಡಿಯೇಟರ್ ಬಿಸಿ ತಡೆಯುತ್ತದೆಯೇ ಪರೀಕ್ಷಿಸಿ. 500 ಕಿ.ಮೀ. ಕಳೆದ ಮೇಲೆ ಮೌಂಟಿಂಗ್ ಮತ್ತು ಶಾಫ್ಟಿನ ಬೋಲ್ಟುಗಳನ್ನು ಮತ್ತೆ ಬಿಗಿದು, ಆಯಿಲ್ ಸೋರಿಕೆ ನೋಡಿದ ನಂತರವೇ ಪೂರ್ಣ ಹೊರೆ ಹಾಕಿ.