ಮೀನಖಂಡದ ನೋವು ಸೊಂಟಕ್ಕೆ ಬಂದ ದಿನ

ಮುಂಬಯಿಯ ಮಾಟುಂಗಾದ ನನ್ನ ಕ್ಲಿನಿಕ್ಕಿಗೆ ನಮ್ಮ ಕಡೆಯ ಜನ ತುಂಬಾ ಬರುತ್ತಾರೆ. ಉಡುಪಿ, ಕುಂದಾಪುರದಿಂದ ಬಂದು ಹೋಟೆಲ್‌ನಲ್ಲಿ ದುಡಿಯುವವರು, ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತುಕೊಂಡೇ ಬರುವ ಆಫೀಸಿನವರು. ಕೂರುವ ಮೊದಲೇ ಎಂಆರ್‌ಐ ಕವರ್ ಮುಂದೆ ಹಿಡಿಯುತ್ತಾರೆ. "ಡಾಕ್ಟ್ರೇ, ಡಿಸ್ಕ್ ಜಾರಿದೆಯಂತೆ." ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ನಾನು ಕವರ್ ತೆಗೆದುಕೊಂಡು ಮೇಜಿನ ಮೇಲಿಡುತ್ತೇನೆ. ಮೊದಲು ನಾಲ್ಕು ಹೆಜ್ಜೆ ನಡೆದು ತೋರಿಸಿ ಅನ್ನುತ್ತೇನೆ.

ನಾನು ಫಿಸಿಯಾಟ್ರಿಸ್ಟ್, ಅಂದರೆ ಇಂಥ ನೋವನ್ನು ಆಪರೇಷನ್ ಇಲ್ಲದೆ ವಾಸಿ ಮಾಡುವ ಡಾಕ್ಟರ್. ಫಿಸಿಯೋಥೆರಪಿಸ್ಟ್ ಅಂದುಕೊಳ್ಳುವವರೇ ಜಾಸ್ತಿ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಇದೇ ವಿಷಯದಲ್ಲಿ ಎಂಡಿ ಮಾಡಬೇಕು. ಮುಂಬಯಿಗೆ ಈ ಶಾಖೆ ಹೊಸದೇನಲ್ಲ, ಹಾಜಿ ಅಲಿಯ ಕೇಂದ್ರ ಸರ್ಕಾರದ ಸಂಸ್ಥೆ 1955ರಿಂದಲೂ ಇದೆ.

ಕಳೆದ ವರ್ಷ ಕುಂದಾಪುರ ಕಡೆಯ ದೋಸೆ ಭಟ್ಟರೊಬ್ಬರು ಬಂದರು. ನಲವತ್ತೆರಡು ವರ್ಷ. ಹಿಟ್ಟಿನ ಪಾತ್ರೆ ಎತ್ತುವಾಗ ಸೊಂಟ ಹಿಡಿದಿತ್ತು. ಎರಡು ದಿನ ಕಳೆದ ಮೇಲೆ ನೋವು ಎಡಗಾಲಿಗೆ ಇಳಿದು, ಮೀನಖಂಡ ದಾಟಿ ಕಿರುಬೆರಳಿನ ತನಕ ಹೋಯಿತು. ಒಂದು ಕಡೆ ಒಂದು ತಿಂಗಳು ಮಲಗಿ ಅಂದರಂತೆ, ಇನ್ನೊಂದು ಕಡೆ ಆಪರೇಷನ್ ಅಂದರಂತೆ. ಮೂರು ವಾರ ಹೋಟೆಲಿನ ಅಟ್ಟದಲ್ಲಿ ಬೆಲ್ಟ್ ಬಿಗಿದುಕೊಂಡು ಮಲಗಿದ್ದರು.

"ಆಪರೇಷನ್ ಮಾಡಿಸಿದ್ರೆ ಕಾಲು ಹೋಗ್ತದಂತೆ. ಮಾಡಿಸದಿದ್ರೂ ಹೋಗ್ತದಂತೆ. ಯಾವುದು ಹೌದು ಡಾಕ್ಟ್ರೇ?"

ಗೋಡೆ ಹಿಡಿದು ಒಂಟಿಗಾಲಲ್ಲಿ ಹಿಮ್ಮಡಿ ಎತ್ತಲು ಹೇಳಿದೆ. ಬಲಗಾಲಲ್ಲಿ ಹತ್ತು ಸಲ ಸಲೀಸಾಗಿ ಎದ್ದರು. ಎಡಗಾಲಲ್ಲಿ ನಾಲ್ಕಕ್ಕೇ ಕುಸಿದರು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆಯಿಂದ ತಟ್ಟಿದರೆ ಎಡಪಾದ ಅಲುಗಲಿಲ್ಲ. ಸೊಂಟದ ಕೊನೆಯ ಡಿಸ್ಕ್ ಕೆಳಗಿನ ನರಕ್ಕೆ ತಾಗಿದಾಗ ಹೀಗಾಗುತ್ತದೆ. ಆಮೇಲೆ ಕವರ್ ಬಿಚ್ಚಿದೆ, ಫಿಲ್ಮ್‌ನಲ್ಲೂ ಅದೇ ಇತ್ತು.

ಇನ್ನೊಂದು ಪ್ರಶ್ನೆ ನಾನು ಎಂದೂ ಬಿಡುವುದಿಲ್ಲ. ನಾಚಿಕೆ ಪಡುತ್ತಾರೆ ಅಂತ ಸುತ್ತಿ ಬಳಸಿ ಕೇಳುವುದೂ ಇಲ್ಲ. "ಮೂತ್ರ ಸರಿಯಾಗಿ ಬರ್ತದಾ? ತೊಳೆದುಕೊಳ್ಳುವಾಗ ಮುಟ್ಟಿದ್ದು ಗೊತ್ತಾಗ್ತದಾ?" ಭಟ್ಟರಿಗೆ ಎರಡೂ ಸರಿ ಇತ್ತು. ಹಿಂದೆ ಒಬ್ಬರು, ಗೊತ್ತಾಗಲ್ಲ ಅಂದಿದ್ದರು. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿ ಹೋದರೂ ತಿಳಿಯುತ್ತಿರಲಿಲ್ಲ. ಡಿಸ್ಕ್ ಮೂತ್ರದ ನರಗಳನ್ನೇ ಒತ್ತಿದಾಗ ಹೀಗಾಗುತ್ತದೆ, ತಡಮಾಡುವಂತಿಲ್ಲ. ಅವರನ್ನು ಅದೇ ರಾತ್ರಿ ಸರ್ಜನ್ ಹತ್ತಿರ ಕಳಿಸಿದೆ. ಆಪರೇಷನ್ ಇಲ್ಲದೆ ವಾಸಿ ಮಾಡುವವನಿಗೆ ಆಪರೇಷನ್ ಯಾವಾಗ ಬೇಕೇ ಬೇಕು ಅಂತ ಮೊದಲು ಗೊತ್ತಿರಬೇಕು.

ಭಟ್ಟರಿಗೆ ಬೆಲ್ಟ್ ತೆಗೆಸಿ ಬೋರಲು ಮಲಗಿಸಿದೆ. ಮೆಲ್ಲಗೆ ಮೊಣಕೈ ಊರಿ ಎದೆ ಎತ್ತಿಸಿದೆ. ನಿಮಿಷಕ್ಕೊಮ್ಮೆ ಕೇಳಿದೆ, ನೋವು ಈಗ ಎಲ್ಲಿದೆ? ಮೀನಖಂಡದಲ್ಲಿ. ಸ್ವಲ್ಪ ಹೊತ್ತಿಗೆ ತೊಡೆಯಲ್ಲಿ. ಆಮೇಲೆ ಗಾಬರಿಯಿಂದ, "ಸೊಂಟದಲ್ಲಿ ಜಾಸ್ತಿ ಆಯ್ತಲ್ಲ!" ನನಗೆ ಖುಷಿಯಾಯಿತು. ಕಾಲಿನ ನೋವು ಬೆನ್ನಿನ ಕಡೆ ಹಿಂದೆ ಸರಿದರೆ ಅದು ಒಳ್ಳೆಯ ಸೂಚನೆ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಇದನ್ನು ಕಂಡುಕೊಂಡದ್ದು 1956ರಲ್ಲಿ, ತಲೆಯ ಕಡೆ ಎತ್ತಿದ್ದ ಮೇಜಿನ ಮೇಲೆ ರೋಗಿಯೊಬ್ಬ ಹಾಗೇ ಬೋರಲು ಮಲಗಿಬಿಟ್ಟಾಗ. ಎಲ್ಲರಿಗೂ ಇದು ಹೊಂದುವುದಿಲ್ಲ, ಮಾಡಿಸಿಯೇ ನೋಡಬೇಕು.

ಹೊರಬಂದ ಡಿಸ್ಕಿನ ಚೂರನ್ನು ಎಷ್ಟೋ ಸಲ ಮೈಯೇ ನಿಧಾನವಾಗಿ ಕರಗಿಸುತ್ತದೆ, ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ನೋವು ಇಳಿಯುತ್ತದೆ ಅಂತ ಬಿಡಿಸಿ ಹೇಳಿದೆ. ಮಾತು ಆರಿಸಿಕೊಂಡೇ ಹೇಳಿದೆ. ಶುರುವಿನ ವರ್ಷಗಳಲ್ಲಿ ಒಬ್ಬ ಅಮ್ಮನಿಗೆ ರಿಪೋರ್ಟ್ ಓದಿ, ಬೆನ್ನು ಸವೆದಿದೆ ಅಂದುಬಿಟ್ಟಿದ್ದೆ. ಅವರು ಒಂದು ವರ್ಷ ಮೊಮ್ಮಗುವನ್ನು ಎತ್ತಿಕೊಳ್ಳಲೇ ಇಲ್ಲ. ಅದು ನನ್ನ ತಪ್ಪು, ಇವತ್ತಿಗೂ ಚುಚ್ಚುತ್ತದೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದ 2015ರ ಅಧ್ಯಯನದಲ್ಲಿ, ಡಿಸ್ಕ್ ಉಬ್ಬು ಇಪ್ಪತ್ತರ ವಯಸ್ಸಿನವರಲ್ಲೇ ಶೇ. 30 ಮಂದಿಗೆ ಇತ್ತು, ಎಂಬತ್ತರವರಲ್ಲಿ ಶೇ. 84 ಮಂದಿಗೆ. ಈಗ ನಾನು, ಕೂದಲು ನರೆತ ಹಾಗೆ ಇದೂ ಅನ್ನುತ್ತೇನೆ.

ಎರಡು ವಾರ ಕಳೆದರೂ ಭಟ್ಟರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಸಿ-ಆರ್ಮ್ ಎಂಬ ಲೈವ್ ಎಕ್ಸ್‌ರೇಯಲ್ಲಿ ನೋಡುತ್ತಾ, ಡೈ ಬಿಟ್ಟು ಜಾಗ ಖಚಿತ ಮಾಡಿಕೊಂಡು, ಆ ನರದ ಬುಡಕ್ಕೆ ಸ್ಟೀರಾಯ್ಡ್ ಕೊಟ್ಟೆ. ಇದು ಡಿಸ್ಕನ್ನು ಒಳಗೆ ತಳ್ಳುವುದಿಲ್ಲ. ನರದ ಊತ ಇಳಿದರೆ ನಿದ್ದೆ ಬರುತ್ತದೆ, ವ್ಯಾಯಾಮ ಮಾಡಲು ಆಗುತ್ತದೆ, ಅಷ್ಟೇ. ನಾಲ್ಕನೇ ದಿನ ಅವರು ನಿದ್ದೆ ಮಾಡಿದರು.

ಕೆಲಸಕ್ಕೆ ಹೋಗುವ ಮೊದಲು ಅವರ ಅಡುಗೆಮನೆ ನೋಡಿ ಬಂದೆ. ಹಿಟ್ಟಿನ ಪಾತ್ರೆ ಕಾವಲಿಯ ಎಡಕ್ಕೆ, ಸ್ವಲ್ಪ ಹಿಂದೆ, ನೆಲದ ಮೇಲಿತ್ತು. ಪ್ರತಿ ದೋಸೆಗೂ ಬಗ್ಗಬೇಕು, ಬಗ್ಗಿಕೊಂಡೇ ಸೊಂಟ ತಿರುಗಿಸಬೇಕು. ಬೆಳಗಿನ ರಶ್ಶಿನಲ್ಲಿ ಎಷ್ಟು ಸಲ ಅಂತ ಯೋಚಿಸಿ! ಹಾಲಿನ ಖಾಲಿ ಕ್ರೇಟ್‌ಗಳನ್ನು ಪೇರಿಸಿ ಪಾತ್ರೆಯನ್ನು ಸೊಂಟದ ಎತ್ತರಕ್ಕೆ ತಂದು ಮುಂದೆ ಇಡಿಸಿದೆ. ತುಂಬಿದ ಪಾತ್ರೆಯನ್ನು ಇಬ್ಬರು ಹಿಡಿಯಬೇಕು ಅಂತ ಮಾಲೀಕರಿಗೂ ಹೇಳಿದೆ, ಒಪ್ಪಿದರು.

ಹತ್ತನೇ ವಾರ ಭಟ್ಟರು ಮತ್ತೆ ಬಂದರು. ಗೋಡೆಗೆ ಕೈ ಊರಿ ಎಡಗಾಲಲ್ಲಿ ಎದ್ದರು. ಎಣಿಸಿದೆ, ಒಂಬತ್ತು. ಸುತ್ತಿಗೆ ತಟ್ಟಿದರೆ ಪಾದ ಇನ್ನೂ ಅಲುಗಲಿಲ್ಲ. ಅದು ವಾಪಸ್ ಬಾರದೆಯೂ ಇರಬಹುದು, ನಡೆಯಲು ಅದರಿಂದ ತೊಂದರೆ ಇಲ್ಲ ಅಂದೆ. ಪಕ್ಕದ ಕಾವಲಿಯ ಹುಡುಗನೂ ಕ್ರೇಟ್ ಕೇಳಿ ಹಾಕಿಸಿಕೊಂಡಿದ್ದಾನಂತೆ.