ಆಳಿದವರ ದಾಖಲೆಯಲ್ಲೇ ಸಿಕ್ಕ ಪುರಾವೆ: ಅರಣ್ಯ ಹಕ್ಕಿನ ಅರ್ಜಿಗಳ ಕೆಲಸದಲ್ಲಿ ನನ್ನ ಅನುಭವ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಕುಣಬಿಗಳೂ ಹಾಲಕ್ಕಿ ಒಕ್ಕಲಿಗರೂ ವರ್ಷಗಳಿಂದ ಕೇಳುತ್ತ ಬಂದರೂ ಇನ್ನೂ ಸೇರಿಲ್ಲ. ಈ ವ್ಯತ್ಯಾಸದ ಭಾರ ತಿಳಿಯುವುದು ಕಾಡಿನಲ್ಲಿ ಬದುಕುತ್ತ ಬಂದವರ ಹಕ್ಕನ್ನು ಮಾನ್ಯ ಮಾಡುವ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಬರೆಯಲು ಕುಳಿತಾಗ. ಸಿದ್ದಿ ಕುಟುಂಬ 2005ರ ಡಿಸೆಂಬರ್ 13ಕ್ಕೆ ಮೊದಲಿನ ಸಾಗುವಳಿಯನ್ನು ತೋರಿಸಿದರೆ ಸಾಕು. ಕುಣಬಿ ಅಥವಾ ಹಾಲಕ್ಕಿ ಕುಟುಂಬವಾದರೋ, ಅದರ ಜೊತೆಗೆ, ಮೂರು ತಲೆಮಾರು, ಅಂದರೆ 75 ವರ್ಷ, ಇಲ್ಲಿಯೇ ನೆಲೆಸಿ ಕಾಡನ್ನು ನೆಚ್ಚಿ ಬದುಕಿದ್ದನ್ನೂ ಸಾಬೀತುಪಡಿಸಬೇಕು. ಹಿಂದಕ್ಕೆ ಎಣಿಸಿದರೆ ಅದು 1930ಕ್ಕೆ ಬಂದು ನಿಲ್ಲುತ್ತದೆ. ಪರಕೀಯರು ಆಳುತ್ತಿದ್ದ ಕಾಲದ ಪುರಾವೆಯನ್ನು, ಆ ಆಳ್ವಿಕೆಯಲ್ಲಿ ಕಾಡು ಕಳೆದುಕೊಂಡವರ ಮೊಮ್ಮಕ್ಕಳು ಒದಗಿಸಬೇಕೆಂಬುದು ನ್ಯಾಯವೆಂದು ನನಗೆ ಇಂದಿಗೂ ಅನಿಸಿಲ್ಲ.

ಆದರೂ ಶಿರಸಿಯಲ್ಲಿ ವಕೀಲಿ ಮಾಡುತ್ತ, ಜೋಯಿಡಾ ಮತ್ತು ಅಂಕೋಲಾ ಕಡೆಯ ಅರ್ಜಿಗಳಿಗೆ ನೆರವಾಗುತ್ತ ನಾನು ಕಂಡುಕೊಂಡದ್ದು, ಆ ಪುರಾವೆಯನ್ನು ಆಳಿದವರೇ ಬರೆದಿಟ್ಟು ಹೋಗಿದ್ದಾರೆ ಎಂಬುದನ್ನು. 1878ರ ಅರಣ್ಯ ಕಾಯ್ದೆಯಡಿ ಕಾಡನ್ನು ಕಾಯ್ದಿಡುವಾಗ, ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ಕಟ್ಟಿಹಾಕುವಾಗ, ಅಲ್ಲಿ ಯಾರಿದ್ದರು, ಏನು ಬೆಳೆಯುತ್ತಿದ್ದರು ಎಂಬುದನ್ನು ಅವರು ದಾಖಲಿಸಲೇಬೇಕಾಯಿತು. ಸರ್ಕಾರವೇ ಹೊರತಂದ ಜಿಲ್ಲಾ ವಿವರಗ್ರಂಥವಾದ 1883ರ ಕೆನರಾ ಗೆಜೆಟಿಯರ್ ಹಾಲಕ್ಕಿಗಳನ್ನೂ ಸಿದ್ದಿಗಳನ್ನೂ ಹೆಸರಿಸಿ ವಿವರಿಸುತ್ತದೆ. ಗೆಜೆಟಿಯರ್, ಜನಗಣತಿ, ಸರ್ವೆ ಸೆಟ್ಲ್‌ಮೆಂಟ್ ವರದಿ, ನಕ್ಷೆ ಇವೆಲ್ಲವನ್ನೂ ಅರಣ್ಯ ಹಕ್ಕು ಕಾಯ್ದೆಯಡಿ ಮಾಡಿದ ನಿಯಮಗಳಲ್ಲಿ 13ನೆಯದು ಪುರಾವೆಯೆಂದು ಒಪ್ಪುತ್ತದೆ. ಹೀಗಾಗಿ ಪ್ರತಿ ಅರ್ಜಿಗೂ ಸಂಬಂಧಪಟ್ಟ ಪುಟಗಳ ದೃಢೀಕೃತ ನಕಲನ್ನು ಲಗತ್ತಿಸುವ ಕ್ರಮವನ್ನು ಇಟ್ಟುಕೊಂಡೆ.

ಕಾಗದ ಒಂದೇ ಸಾಲದು. ಒಂದಕ್ಕಿಂತ ಹೆಚ್ಚು ಬಗೆಯ ಪುರಾವೆಯನ್ನು ಪರಿಗಣಿಸಬೇಕೆಂದು ಅದೇ ನಿಯಮ ಹೇಳುತ್ತದೆ. ಹಿರಿಯರ ಹೇಳಿಕೆ ಇಲ್ಲಿ ಬಲು ಮುಖ್ಯ, ಆದರೆ ಅರ್ಜಿದಾರರಲ್ಲದ ಹಿರಿಯರೇ ಹೇಳಬೇಕು, ಅದು ಬರಹಕ್ಕಿಳಿಯಬೇಕು. ಇಸವಿ ಕೇಳಿದರೆ ಯಾರೂ ಹೇಳಲಾರರು. ಅಂಕೋಲೆಯ ಕಡೆ ನನಗೆ ನೆರವಾದದ್ದು ಉಪ್ಪಿನ ಸತ್ಯಾಗ್ರಹ. ಅದು ನಡೆದದ್ದು 1930ರ ಏಪ್ರಿಲ್‌ನಲ್ಲಿ, ಕಾಯ್ದೆಯ 75 ವರ್ಷದ ಲೆಕ್ಕ ಬಂದು ನಿಲ್ಲುವುದೂ ಅದೇ ವರ್ಷದ ಡಿಸೆಂಬರ್‌ಗೆ. "ಅಜ್ಜಿ, ಉಪ್ಪಿನ ಗಲಾಟೆಯಾದಾಗ ನಿಮ್ಮ ಹಿರಿಯರು ಎಲ್ಲಿದ್ದರೆಂದು ಹೇಳುತ್ತಿದ್ದರು?" ಎಂದು ಕೇಳಿದೆ. ಕುತ್ತಿಗೆ ತುಂಬ ಕರಿಮಣಿ ಸರ ಧರಿಸಿದ್ದ ಆ ಹಾಲಕ್ಕಿ ಅಜ್ಜಿ ಎದ್ದು ನಡೆದೇಬಿಟ್ಟರು. ಗುಡ್ಡದ ಬುಡದ ಹಳೆಯ ಒಡ್ಡನ್ನು, ಅದರಾಚೆ ಪಾಚಿಗಟ್ಟಿದ ಬಾವಿಯನ್ನು, ಮಾವಿನ ಬುಡದಲ್ಲಿ ನೆಟ್ಟ ದೇವರ ಕಲ್ಲನ್ನು ಒಂದೊಂದಾಗಿ ತೋರಿಸಿ, ಯಾವುದನ್ನು ಯಾರು ಕಟ್ಟಿದರೆಂದು ಹೇಳಿದರು. ಒಡ್ಡು, ಬಾವಿ, ಪೂಜಾಸ್ಥಳ ಮೂರೂ ನಿಯಮದಲ್ಲೇ ಇರುವ ಪುರಾವೆಗಳು. ಅಲ್ಲೇ ನಿಂತು ನಕ್ಷೆಯಲ್ಲಿ ಗುರುತಿಸಿ, ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಯವರ ಎದುರು ಅಜ್ಜಿಯ ಹೆಬ್ಬೆಟ್ಟು ಹಾಕಿಸಿಕೊಂಡೆವು.

ಗ್ರಾಮಸಭೆಗಳಲ್ಲಿ ನಾನು ಆಫ್ರಿಕಾದ ಪಶ್ಚಿಮ ಸಹಾರಾದ ಮಾತನ್ನೂ ತೆಗೆಯುತ್ತೇನೆ. ಸ್ಪೇನ್ 1884ರಲ್ಲಿ ವಶಪಡಿಸಿಕೊಂಡಾಗ ಅದು ಯಾರಿಗೂ ಸೇರದ ನೆಲವಾಗಿತ್ತೇ ಎಂಬ ಪ್ರಶ್ನೆಗೆ ಅಂತರರಾಷ್ಟ್ರೀಯ ನ್ಯಾಯಾಲಯ 1975ರಲ್ಲಿ ಇಲ್ಲವೆಂದು ಅಭಿಪ್ರಾಯ ಕೊಟ್ಟಿತು. ಅದಕ್ಕೆ ಆಧಾರವಾದದ್ದರಲ್ಲಿ ಸ್ಥಳೀಯ ಬುಡಕಟ್ಟುಗಳ ಮುಖ್ಯಸ್ಥರೊಡನೆ ಸ್ಪೇನ್ ತಾನೇ ಮಾಡಿಕೊಂಡ ಒಪ್ಪಂದಗಳೂ ಇದ್ದವು. ಅದೇ ವರ್ಷ ಮೊರಾಕೊ ಅಲ್ಲಿಗೆ ನುಗ್ಗಿತು, ಅಲ್ಲಿನ ಜನರಾದ ಸಹರಾವಿಗಳು ಇಂದಿಗೂ ಕಾಯುತ್ತಿದ್ದಾರೆ. ಯುದ್ಧದ ಕಟ್ಟುಪಾಡುಗಳನ್ನು ಹೇಳುವ 1907ರ ಹೇಗ್ ನಿಯಮಾವಳಿಯ 55ನೇ ವಿಧಿಯಂತೂ, ಆಕ್ರಮಿತ ನೆಲದ ಸಾರ್ವಜನಿಕ ಕಾಡಿಗೆ ಆಕ್ರಮಿಸಿದವರು ಒಡೆಯರಲ್ಲ, ಬರೀ ಉಸ್ತುವಾರಿ ನೋಡಿ ಫಲ ಅನುಭವಿಸುವವರು ಎನ್ನುತ್ತದೆ. ಇವು ನಮ್ಮ ಅರ್ಜಿಗೆ ಕಾನೂನಿನ ಆಧಾರವಾಗುವುದಿಲ್ಲ. ಆದರೆ ಇದನ್ನು ಕೇಳಿದ ಸಮಿತಿಯ ಸದಸ್ಯರು ಅಧಿಕಾರಿಗಳ ಮುಂದೆ ಕೈಮುಗಿದು ಬೇಡುವುದನ್ನು ಬಿಟ್ಟು ಹಕ್ಕಿನ ಮಾತಾಡುವುದನ್ನು ನಾನು ಕಂಡಿದ್ದೇನೆ.

ಒಂದು ಕಚೇರಿಯಲ್ಲಿ ನಮ್ಮ ಅರ್ಜಿಗಳನ್ನು, ಅದೇ ತುಂಡು ಜಮೀನಿಗೆ 75 ವರ್ಷದ ಕಾಗದವಿಲ್ಲ ಎಂದು ತಿರಸ್ಕರಿಸಿದರು. ಕಾಯ್ದೆ 75 ವರ್ಷ ಕೇಳುವುದು ವಾಸಕ್ಕೆ ಮತ್ತು ಅವಲಂಬನೆಗೆ, ಜಮೀನಿನ ಕಬ್ಜೆಗಲ್ಲ. ಇಂಥದೇ ದಾಖಲೆ ಬೇಕೆಂದು ಹಟ ಹಿಡಿಯಬಾರದೆಂದು ನಿಯಮಗಳಿಗೆ ಮಾಡಿದ 2012ರ ತಿದ್ದುಪಡಿಯೂ ಹೇಳುತ್ತದೆ. ಆದ್ದರಿಂದ ತಿರಸ್ಕಾರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಂಡು ಬರಬೇಡಿ. ಕಾರಣಸಹಿತ ಲಿಖಿತ ಆದೇಶ ಪಡೆದು, ಮೇಲಿನ ಸಮಿತಿಗೆ 60 ದಿನಗಳೊಳಗೆ ಮನವಿ ಸಲ್ಲಿಸಿ, ಅದರ ಮೊದಲ ಪುಟದಲ್ಲೇ ಈ ಎರಡು ಅಂಶಗಳನ್ನು ಬರೆಯಿರಿ.